ನೆನಪಿನ ಪರೀಕ್ಷಕನಿಗೆ ಮೂವತ್ತಕ್ಕೆ ಮೂವತ್ತು

ಈ ಸಲದ ದೀಪಾವಳಿ ಮುಗಿದ ವಾರ ನನ್ನ ಸ್ಕೂಟರ್ ಕಳುವಾಗಿದೆ ಎಂದು ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆ. ಬಣ್ಣ, ನಂಬರು, ಹಿಂದಿನ ಸೀಟು ಹರಿದಿರುವ ಜಾಗ, ಒಂದನ್ನೂ ಬಿಡದೆ ಹೇಳಿದೆ. ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ “ಈ ವಯಸ್ನಲ್ಲೂ ಒಳ್ಳೆ ಜ್ಞಾಪಕ ಸಾರ್ ನಿಮ್ದು” ಎಂದ. ಅರ್ಧ ಗಂಟೆಯೊಳಗೆ ಅವನೇ ಗಾಡಿಯನ್ನು ಪತ್ತೆ ಹಚ್ಚಿದ. ಮಾರ್ಕೆಟ್ಟಿನ ತರಕಾರಿ ಅಂಗಡಿಯ ಮುಂದೆ, ಬೆಳಿಗ್ಗೆ ನಾನೇ ನಿಲ್ಲಿಸಿದ್ದ ಜಾಗದಲ್ಲಿ, ನನ್ನದೇ ಚೀಲವನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಅದು ನಿಂತಿತ್ತು. ನಾನು ಬಸ್ಸು ಹತ್ತಿ ಮನೆಗೆ ಬಂದಿದ್ದೆ.

ಇದರಲ್ಲಿ ನಗುವಂಥದ್ದು ಇನ್ನೊಂದಿದೆ. ಮೂವತ್ತು ವರ್ಷ ನಾನು ಸಂಬಳ ತೆಗೆದುಕೊಂಡದ್ದು ಬೇರೆಯವರ ನೆನಪನ್ನು ಅಳೆಯುವುದಕ್ಕೆ. ಕೆಜಿಎಫ್‌ನ ಕಾಲೇಜೊಂದರಲ್ಲಿ ಮನೋವಿಜ್ಞಾನದ ಪಾಠ, ವಾರಕ್ಕೊಂದು ದಿನ ಆಸ್ಪತ್ರೆಯಲ್ಲಿ ಮರೆವಿನ ರೋಗಿಗಳ ಪರೀಕ್ಷೆ. ಅಂಥವನ ಕೈಯಿಂದ ನನ್ನ ಹೆಂಡತಿ ಯಶೋದ ಅವತ್ತು ಸ್ಕೂಟರ್ ಕೀ ಕಿತ್ತುಕೊಂಡಳು.

“ಡಾಕ್ಟ್ರು ತಾವ ಓಗ್ಬನ್ನಿ. ತಲೆ ಸರೀಗೈತೆ ಅಂತ ಬರ್ಸ್ಕೊಂಡ್ ಬಂದ್ರೆ ಕೊಡ್ತೀನಿ. ಅಲ್ಲೀವರ್ಗೂ ಬಸ್ಸು.”

ಹೀಗೆ ನನ್ನ ತಲೆ ಸರಿಯಿದೆಯೋ ಇಲ್ಲವೋ ಎಂಬುದು ನಮ್ಮ ಮನೆಯಲ್ಲಿ ತೀರ್ಮಾನವಾಗಬೇಕಾದ ವಿಷಯವಾಯಿತು. ಅದು ಹೇಗೆ ತೀರ್ಮಾನವಾಯಿತು ಎಂದು ಹೇಳುವುದಕ್ಕೆ ಮುಂಚೆ ನನ್ನ ಕೆಲಸ ಎಂಥದು ಎಂದು ಹೇಳಬೇಕು. ಈ ವೃತ್ತಿಗೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆದುಕೊಡಿ ಎಂದು ನನ್ನ ಶಿಷ್ಯೆ ಸೆಲ್ವಿ ಬಹಳ ದಿನದಿಂದ ಕೇಳುತ್ತಿದ್ದಳು. ನನ್ನ ಬಡ್ತಿಗಳ ಕಥೆ ಇದರಲ್ಲಿ ಇಲ್ಲ. ಅವುಗಳನ್ನು ಸರ್ಕಾರವೇ ಮರೆತಿತ್ತು, ನಾನೇಕೆ ನೆನಪಿಸಲಿ.

ನಾನು ಬೇತಮಂಗಲದ ಕಡೆಯ ಹಳ್ಳಿಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮನಸ್ಸು ಎಂದರೇನು ಎಂದು ತಿಳಿಯುವ ಆಸೆಯಿಂದ ಮೈಸೂರಿಗೆ ಹೋಗಿ ಮನೋವಿಜ್ಞಾನದ ಎಂ.ಎ. ಸೇರಿದೆ. ಸೇರಿದ ಮೇಲೆ ಗೊತ್ತಾಯಿತು, ಅಲ್ಲಿ ಮನಸ್ಸಿನ ಹೆಸರೆತ್ತುವ ಹಾಗಿರಲಿಲ್ಲ. ನಮ್ಮ ಮೇಷ್ಟ್ರು ಹಳೆಯ ಪಂಥದವರು. ಕಣ್ಣಿಗೆ ಕಾಣುವುದು ವರ್ತನೆ ಮಾತ್ರ, ಒಳಗೆ ಏನು ನಡೆಯುತ್ತದೆ ಎಂದು ಯಾರೂ ನೋಡಿಲ್ಲ, ನೋಡದೇ ಇದ್ದದ್ದನ್ನು ವಿಜ್ಞಾನದಲ್ಲಿ ಬರೆಯಬಾರದು ಎಂಬುದು ಅವರ ಮತ. ಹಾಗಾಗಿ ಮನಸ್ಸನ್ನು ಹುಡುಕಿಕೊಂಡು ಹೋದವನ ಕೈಗೆ ಒಂದು ಬಿಳಿ ಇಲಿ ಕೊಟ್ಟರು.

ಪ್ರಾಯೋಗಿಕ ಪರೀಕ್ಷೆಯ ದಿನ ನನ್ನ ಇಲಿಯನ್ನು ಅಂಕುಡೊಂಕು ದಾರಿಗಳ ಮರದ ಪೆಟ್ಟಿಗೆಯೊಳಗೆ ಬಿಟ್ಟೆ. ಅದು ಮೊದಲ ತಿರುವಿನ ತನಕ ಹೋಯಿತು, ಮುಖ ತೊಳೆದುಕೊಂಡಿತು, ಮಲಗಿತು. ಬೇರೆಯವರ ಇಲಿಗಳು ದಾರಿ ಮುಗಿಸಿ ಕಡಲೆ ತಿನ್ನುತ್ತಿದ್ದವು. ನಾನು ಬೆವರುತ್ತಾ “ಇಲಿಗೆ ಬೇಜಾರಾಗಿದೆ” ಎಂದು ಉತ್ತರಪತ್ರಿಕೆಯಲ್ಲಿ ಬರೆದೆ. ಮೇಷ್ಟ್ರು ಬಗ್ಗಿ ಓದಿದರು.

“ಬೇಜಾರು ಎಲ್ಲಿದೆ ತೋರಿಸಪ್ಪ. ಬಾಲದಲ್ಲೋ, ಮೀಸೆಯಲ್ಲೋ?”

ನಾನು ಅದನ್ನು ಹೊಡೆದು ಹಾಕಿ “ಪ್ರಾಣಿಯು ಹನ್ನೊಂದು ನಿಮಿಷ ಚಲಿಸಲಿಲ್ಲ” ಎಂದು ಬರೆದೆ. ಪಾಸಾದೆ. ಇಲಿಗೆ ಬೇಜಾರಾಗಿತ್ತು ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ.

ಹೊರದೇಶಗಳಲ್ಲಿ ಅಷ್ಟು ಹೊತ್ತಿಗಾಗಲೇ ಗಾಳಿ ತಿರುಗಿತ್ತು. ನಮ್ಮ ಲೈಬ್ರರಿಗೆ ಅದು ತಡವಾಗಿ ಬೀಸಿತು. ಮುಂಬಾಗಿಲಿನಿಂದ ಹೊರಗೆ ಹಾಕಿದ್ದ ಮನಸ್ಸು ಕಂಪ್ಯೂಟರಿನ ಕೈ ಹಿಡಿದುಕೊಂಡು ಹಿತ್ತಿಲಿನಿಂದ ಒಳಗೆ ಬಂದಿತ್ತು. ಯಂತ್ರಕ್ಕೆ ನೆನಪಿದೆ ಎಂದು ಎಂಜಿನಿಯರುಗಳು ಧೈರ್ಯವಾಗಿ ಹೇಳುತ್ತಿರುವಾಗ ಮನುಷ್ಯನಿಗೂ ಇದೆ ಎನ್ನುವುದಕ್ಕೆ ನಾವೇಕೆ ನಾಚಬೇಕು ಎಂದು ಕೆಲವು ವಿದ್ವಾಂಸರು ಕೇಳಿದರು. ಗಮನ, ನೆನಪು, ಭಾಷೆ, ತೀರ್ಮಾನ ಇವೆಲ್ಲ ಮತ್ತೆ ಮರ್ಯಾದಸ್ಥ ವಿಷಯಗಳಾದವು. ಇದಕ್ಕೆ ಅರಿವಿನ ಮನೋವಿಜ್ಞಾನ ಎಂದು ಹೆಸರು. ಕೆಜಿಎಫ್‌ಗೆ ಪಾಠ ಮಾಡಲು ಬಂದ ನಾನು ಅದರ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಒಂದು ಪೆಟ್ಟಿಗೆ, ಅಲ್ಪಕಾಲದ ನೆನಪು. ಇನ್ನೊಂದು ಪೆಟ್ಟಿಗೆ, ದೀರ್ಘಕಾಲದ ನೆನಪು. ನಡುವೆ ಒಂದು ಬಾಣ.

“ಸಾರ್, ಆ ಬಾಣದ್ ಮೇಲೆ ಏನ್ ಓಗುತ್ತೆ?” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ.

“ಮಾಹಿತಿ” ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ, ಆದರೆ ಗಂಟೆ ಹೊಡೆಯಿತು. ನೆನಪು ಪೆಟ್ಟಿಗೆಯಲ್ಲಿ ಇಟ್ಟಿರುವ ಸಾಮಾನಲ್ಲ, ಪ್ರತಿ ಸಲವೂ ಹೊಸದಾಗಿ ಮಾಡುವ ಅಡುಗೆ, ರುಚಿ ಪ್ರತಿ ಸಲ ಸ್ವಲ್ಪ ಬೇರೆ ಎಂದು ಆಮೇಲೆ ಓದಿದೆ. ಆದರೂ ಪೆಟ್ಟಿಗೆಗಳನ್ನು ಅಳಿಸುವುದಕ್ಕೆ ನಾನು ಹತ್ತು ವರ್ಷ ತೆಗೆದುಕೊಂಡೆ. ಬರೆಯುವುದಕ್ಕೆ ಸುಲಭವಾಗಿತ್ತು, ಹುಡುಗರೂ ಪಾಸಾಗುತ್ತಿದ್ದರು.

ನಮ್ಮ ಲ್ಯಾಬಿನಲ್ಲಿ ಒಂದು ಉರುಳೆ ಯಂತ್ರವಿತ್ತು. ಕಾಗದದ ಪಟ್ಟಿಯ ಮೇಲೆ ಬರೆದ ಪದಗಳನ್ನು ಅದು ಕಿಂಡಿಯಲ್ಲಿ ಒಂದೊಂದಾಗಿ ತೋರಿಸುತ್ತಿತ್ತು. ತಿರುಗುವಾಗ ರಾಗಿ ಬೀಸಿದ ಹಾಗೆ ಸದ್ದು. ಇಂಥ ಪ್ರಯೋಗಗಳ ಮೂಲಪುರುಷ ಒಬ್ಬ ಜರ್ಮನ್ ಪಂಡಿತ. ನೆನಪನ್ನು ಅಳೆಯಬೇಕೆಂದು ಹೊರಟ ಆತನಿಗೆ ಬೇರೆ ಯಾರೂ ಸಿಗಲಿಲ್ಲವೋ ಏನೋ, ತನ್ನನ್ನು ತಾನೇ ಪರೀಕ್ಷೆಗೆ ಕೂರಿಸಿಕೊಂಡ. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಸಾವಿರಗಟ್ಟಲೆ ಮಾಡಿಕೊಂಡು ಕಲಿತ, ಮರೆತ, ಎಷ್ಟು ಮರೆತೆ ಎಂದು ಬರೆದಿಟ್ಟ. ಅರ್ಥವಿಲ್ಲದ್ದೇ ಏಕೆ ಎಂದರೆ, ಗೊತ್ತಿರುವ ಪದ ಕೊಟ್ಟರೆ ಅಳೆದಂತಾಗುವುದು ಹೊಸ ನೆನಪಲ್ಲ, ಹಳೆಯ ಪರಿಚಯ. ನೆನಪಿನ ವಿಜ್ಞಾನ ಹುಟ್ಟಿದ್ದೇ ಈ ಎಚ್ಚರದಿಂದ ಎಂಬ ವಾಕ್ಯವನ್ನು ನಾನು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ನಮ್ಮ ವಿಭಾಗದ ಮುಖ್ಯಸ್ಥರು ಮೈಸೂರಿನವರು, ಶಿಸ್ತಿನ ಮನುಷ್ಯ. ಅವರೇ ಕೂತು ಅರ್ಥವಿಲ್ಲದ ಎಂಟು ಅಕ್ಷರಗುಂಪುಗಳ ಪಟ್ಟಿ ಮಾಡಿದರು. ಅದರಲ್ಲಿ ತೇನ್, ಮಾನ್, ಪೇನ್ ಇದ್ದವು. ಉರುಳೆ ತಿರುಗಿತು. ನಮ್ಮ ಹುಡುಗರಲ್ಲಿ ಮುಕ್ಕಾಲು ಪಾಲು ಚಿನ್ನದ ಗಣಿ ಕೆಲಸಗಾರರ ಲೈನ್ ಮನೆಗಳಿಂದ ಬಂದವರು, ಮನೆಮಾತು ತಮಿಳು. ಜೇನು, ಜಿಂಕೆ, ಹೇನು ಎಂದು ಅವರಿಗೆ ಅದು ಒಂದನೇ ತರಗತಿಯ ಪಾಠದ ಹಾಗೆ ಕಾಣಿಸಿತು. ಒಬ್ಬಳು ಪೇನ್ ಬಂದಾಗಲೆಲ್ಲ ಪಕ್ಕದವಳ ತಲೆ ನೋಡಿ ನಗುತ್ತಿದ್ದಳು. ಮುಖ್ಯಸ್ಥರು ಮಾರ್ಕು ಕೂಡಿಸಿ ಬೆರಗಾದರು.

“ಶ್ರೀರಾಮಪ್ಪ, ಈ ಊರಿನ ಮಕ್ಕಳಿಗೆ ಅಸಾಧಾರಣ ಸ್ಮರಣಶಕ್ತಿ ಇದೆ ಕಣ್ರೀ. ನೀರಿನ ಗುಣ ಇರಬಹುದೇ?”

ನನಗೆ ಕಾರಣ ಗೊತ್ತಿತ್ತು. ಈ ಸೀಮೆಯಲ್ಲಿ ಹುಟ್ಟಿದವನಿಗೆ ಅಷ್ಟು ತಮಿಳು ಬಾರದೇ ಇರುತ್ತದೆಯೇ? ಆದರೆ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. “ಬೇತಮಂಗಲದ ಕೆರೆ ನೀರು ಸಾರ್” ಎಂದೆ. ಅವರು ಅದನ್ನೂ ಬರೆದುಕೊಂಡರು.

ಗುರುವಾರ ಗುರುವಾರ ಬಂಗಾರಪೇಟೆಯ ಆಸ್ಪತ್ರೆಗೆ ಹೋಗುವುದು ಶುರುವಾದದ್ದು ಗಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ. ಮರೆವಿನ ರೋಗಿಗಳನ್ನು ಪರೀಕ್ಷಿಸಿ ಡಾಕ್ಟರಿಗೆ ಒಂದು ಅಂಕ ಹೇಳುವುದು ನನ್ನ ಕೆಲಸ. ಇಂಗ್ಲಿಷಿನಿಂದ ಬಂದ ಪ್ರಶ್ನೆಗಳನ್ನು ನಾನು ಕನ್ನಡ ಮಾಡಿದ್ದೆ. ಅದರಲ್ಲಿ ಒಂದು, ನಾವೀಗ ಎಷ್ಟನೇ ಅಂತಸ್ತಿನಲ್ಲಿದ್ದೇವೆ ಎಂಬುದು. ನನ್ನ ಕೋಣೆ ಮೆಟ್ಟಿಲು ಹತ್ತಿದ ಮೇಲೆ ಸಿಗುವ ಮೊದಲನೇ ಅಂತಸ್ತಿನಲ್ಲಿತ್ತು, ಸರಿಯುತ್ತರ ಒಂದು.

ಕೆಜಿಎಫ್‌ನ ನಂದಿದುರ್ಗ ಗಣಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಆರುಮುಗಂ ಎಂಬವರನ್ನು ಮಗ ಕರೆದುಕೊಂಡು ಬಂದಿದ್ದ. ನಿವೃತ್ತಿಯಾದ ಮೇಲೆ ಒಂದು ಮರದ ಡಿಪೋದಲ್ಲಿ ಅವರು ಕಾವಲಿಗಿದ್ದರು. ಅಂತಸ್ತಿನ ಪ್ರಶ್ನೆ ಕೇಳಿದೆ.

“ಇನ್ನೂ ಇಳ್ದೇ ಇಲ್ವಲ್ಲ ಸಾರ್, ಮೇಲೇ ಇದೀವಿ.”

“ನಂಬರ್ ಹೇಳಿ.”

“ನಂಬರ್ ಕೆಳ್ಗಡೆ ತಾನೆ ಸಾರ್ ಇರೋದು? ಮೇಲೆ ಏನ್ ನಂಬರ್?”

ಸೊನ್ನೆ ಹಾಕಿದೆ. ಆ ಸೊನ್ನೆಯಿಂದ ಒಂದು ಅಂಕ ಕಡಿಮೆಯಾಗಿ ಅವರು ಮರೆವಿಲ್ಲ ಎನ್ನುವುದಕ್ಕೆ ಬೇಕಾದ ಅಂಕದ ಗೆರೆಯ ಕೆಳಗೆ ಬಿದ್ದರು. ಮಗನನ್ನು ಕರೆದು, ತಂದೆ ಎದುರಿಗೇ ಕೂತಿರುವಾಗ, ಮರೆವು ಶುರುವಾಗಿದೆ ಎಂದೆ. ಮಗ ಹೆದರಿ ಡಿಪೋದವರಿಗೆ ಹೇಳಿದ. ಅವರು ಕೆಲಸ ಬಿಡಿಸಿದರು.

ತಿಂಗಳಾದ ಮೇಲೆ ಆರುಮುಗಂ ಕಾಲೇಜಿನ ಜಗುಲಿಗೆ ಬಂದು ನಿಂತರು. ಕೋಪವಿರಲಿಲ್ಲ, ನನಗೆ ಅರ್ಥ ಮಾಡಿಸಬೇಕೆಂಬ ಆಸೆ ಇತ್ತು. ಗಣಿಯಲ್ಲಿ ಅಂತಸ್ತುಗಳನ್ನು ನೆಲದಿಂದ ಕೆಳಕ್ಕೆ ಎಣಿಸುತ್ತಾರೆ, ಇಳಿದಷ್ಟೂ ನಂಬರ್ ದೊಡ್ಡದಾಗುತ್ತದೆ, ಮೇಲಿರುವುದು ಬರೀ ಆಕಾಶ ಎಂದು ಬೆರಳು ಮಡಿಸಿ ಮಡಿಸಿ ಹೇಳಿದರು. “ಆ ನಂಬರ್ ಒಂದಿನ ಮರ್ತಿದ್ರೂ ಇವತ್ತು ನಿಮ್ ಮುಂದೆ ನಿಂತಿರ್ತಿದ್ನಾ ಸಾರ್?”

ನಾನು ಅಂಕ ತಿದ್ದಿದೆ, ಪ್ರಶ್ನೆಯನ್ನೇ ತೆಗೆದು ಹಾಕಿದೆ, ಡಿಪೋಗೆ ನಾನೇ ಹೋಗಿ ಹೇಳಿದೆ. ಅಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಬಂದಿದ್ದರು. ಆರುಮುಗಂ ಆಮೇಲೆ ಬಹಳ ವರ್ಷ ಬದುಕಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕಂಡಾಗಲೆಲ್ಲ “ಸಾರ್, ಎಷ್ಟನೇ ನಂಬರ್ನಲ್ಲಿದೀರಾ?” ಎಂದು ಕೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಅವತ್ತಿನ ಊಟ ಸೇರುತ್ತಿರಲಿಲ್ಲ.

ಆ ಪಾಠವಾದ ಮೇಲೆ ಇಡೀ ಪರೀಕ್ಷೆಯನ್ನು ಹೊಸದಾಗಿ ಕಟ್ಟಿದೆ. ಮೊದಲಿದ್ದ ಪದಗಳ ಪಟ್ಟಿಯಲ್ಲಿ ಪಿಯಾನೋ ಇತ್ತು, ನಮ್ಮ ಸೀಮೆಯ ರೈತರು ಅದನ್ನು ಯಾವುದೋ ಔಷಧಿ ಅಂದುಕೊಳ್ಳುತ್ತಿದ್ದರು. ನಾನು ಮಾಡಿದ ಪಟ್ಟಿ ಹೀಗಿತ್ತು: ಮೊರ, ಸೇತುವೆ, ಬೆಲ್ಲ, ಕಂಬಳಿ, ಗುಬ್ಬಿ, ಏಣಿ, ಸುಣ್ಣ, ದೀಪ, ಹುಣಸೆ, ಬೀಗ. ಕೇಳಿ ಮರಳಿ ಹೇಳುವುದಕ್ಕೆ ಒಂದು ಪುಟ್ಟ ಕಥೆಯನ್ನೂ ಬರೆದೆ. ಲಕ್ಷ್ಮಮ್ಮ ಸೋಮವಾರ ಎರಡು ಕೋಳಿ ಹಿಡಿದುಕೊಂಡು ಕಾಮಸಮುದ್ರದ ಬಸ್ಸು ಹತ್ತುತ್ತಾಳೆ, ರೈಲ್ವೆ ಗೇಟಿನಲ್ಲಿ ಬಸ್ಸು ನಿಂತಾಗ ಒಂದು ಕೋಳಿ ತಪ್ಪಿಸಿಕೊಳ್ಳುತ್ತದೆ, ಕಂಡಕ್ಟರ್ ಹಿಡಿದುಕೊಡುತ್ತಾನೆ. ಒಬ್ಬ ಅಜ್ಜಿ ಪೂರ್ತಿ ಕೇಳಿ, “ಯಾವ್ ಲಕ್ಷ್ಮಮ್ಮ? ನಮ್ಮೂರ್ ಲಕ್ಷ್ಮಮ್ಮ ಕೋಳಿ ಸಾಕಲ್ವಲ್ಲ. ಯಾರ್ ಮನೆ ಕೋಳೀನೋ ಕದ್ದವ್ಳೆ ಬುಡು” ಎಂದಳು. ಅದಕ್ಕೆ ಎಷ್ಟು ಅಂಕ ಕೊಡಬೇಕೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಪೂರ್ತಿ ಕೊಟ್ಟೆ.

ಪರೀಕ್ಷೆ ಒಟ್ಟು ಮೂವತ್ತು ಅಂಕದ್ದು. ಕೈಯಲ್ಲಿ ಬರೆದದ್ದು ಟೈಪಾಯಿತು, ಜೆರಾಕ್ಸಾಯಿತು, ಸುತ್ತಮುತ್ತಲ ಆಸ್ಪತ್ರೆಗಳಿಗೆ ಹೋಯಿತು. ಉರುಳೆ ಯಂತ್ರ ಗುಜರಿಗೆ ಹೋಗಿ ಲ್ಯಾಬಿಗೆ ಕಂಪ್ಯೂಟರ್ ಬಂತು. ಅದಾದ ಮೇಲೆ ಮಿದುಳಿನ ಚಿತ್ರ ತೆಗೆಯುವ ದೊಡ್ಡ ಯಂತ್ರಗಳು ದೊಡ್ಡ ಊರುಗಳಲ್ಲಿ ಬಂದವು. ನಾನು ಮಾತ್ರ ಗುರುವಾರ ಗುರುವಾರ ಮೊರ, ಸೇತುವೆ, ಬೆಲ್ಲ ಎಂದು ಒಂದೇ ದನಿಯಲ್ಲಿ ಓದುತ್ತಾ ಕೂತೆ. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದೆ. ಯಶೋದ ಒಮ್ಮೆ ಎಬ್ಬಿಸಿಯೂ ಇದ್ದಾಳೆ.

ಈಗ ಸ್ಕೂಟರ್ ಕೀ ವಿಷಯಕ್ಕೆ ಬರುತ್ತೇನೆ. ಡಾಕ್ಟರು ಮೊದಲು ನೆನಪಿನ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟು ರಜೆಯ ಮೇಲೆ ಹೋದರು. ನನ್ನ ಹಳೆಯ ಕೋಣೆಯಲ್ಲಿ, ನನ್ನ ಹಳೆಯ ಕುರ್ಚಿಯಲ್ಲಿ ಈಗ ಸೆಲ್ವಿ ಕೂರುತ್ತಾಳೆ. ನಂದಿದುರ್ಗದ ಲೈನ್ ಮನೆಯ ಹುಡುಗಿ, ನನ್ನ ಹತ್ತಿರ ಓದಿದವರಲ್ಲಿ ಎಲ್ಲರಿಗಿಂತ ಚುರುಕು. ನಾನು ರೋಗಿಗಳ ಸ್ಟೂಲಿನ ಮೇಲೆ ಕೂತೆ. ಆ ಸ್ಟೂಲು ಅಷ್ಟು ಗಿಡ್ಡ ಎಂದು ಅವತ್ತೇ ಗೊತ್ತಾದದ್ದು. ಯಶೋದ ಪಕ್ಕದಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಸಾರ್, ಇಲ್ಲಿ ಇದೇ ಇರೋದು” ಎಂದು ಸೆಲ್ವಿ ಜೆರಾಕ್ಸ್ ಹಾಳೆ ತೆಗೆದಳು. ಒಂದು ಗಳಿಗೆ ನನ್ನನ್ನೇ ನೋಡಿದಳು. ನಾನು ಕಿಟಕಿ ನೋಡಿದೆ. “ಹತ್ತು ಪದ ಹೇಳ್ತೀನಿ. ಮುಗಿದ್ಮೇಲೆ ನೀವ್ ಹೇಳಿ. ಯಾವ ವರಸೇಲಾದ್ರೂ ಪರ್ವಾಗಿಲ್ಲ.”

ಅವಳು ಮೊರ ಎನ್ನುವಾಗಲೇ ನನ್ನ ನಾಲಿಗೆಯ ತುದಿಯಲ್ಲಿ ಸೇತುವೆ ಬಂದು ನಿಂತಿತ್ತು. ಹತ್ತನ್ನೂ ಅದೇ ವರಸೆಯಲ್ಲಿ ಒಪ್ಪಿಸಿದೆ. ನನ್ನ ಇಡೀ ಸೇವೆಯಲ್ಲಿ ಒಬ್ಬ ರೋಗಿಯೂ ಹಾಗೆ ಹೇಳಿರಲಿಲ್ಲ. ಕಥೆ ಓದುವಾಗ ಅವಳು ಲಕ್ಷ್ಮಮ್ಮ ಮಂಗಳವಾರ ಬಸ್ಸು ಹತ್ತಿದಳು ಎಂದಳು. “ಸೋಮವಾರ” ಎಂದು ತಿದ್ದಿದೆ. ಯಶೋದ ಹೆಮ್ಮೆಯಿಂದ ನನ್ನನ್ನು ನೋಡಿದಳು. ಸೆಲ್ವಿ ತಲೆ ಎತ್ತಲಿಲ್ಲ.

ಮೂವತ್ತಕ್ಕೆ ಮೂವತ್ತು. ಫೈಲು ಇನ್ನೂ ಮುಗಿದಿಲ್ಲ, ಡಾಕ್ಟರು ರಜೆಯಿಂದ ಬಂದ ಮೇಲೆ ನೋಡುತ್ತಾರೆ ಎಂದು ಸೆಲ್ವಿ ಹೇಳಿದ್ದನ್ನು ಯಶೋದ ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಅಂಕ ಕಂಡಿತ್ತು, ಅಷ್ಟು ಸಾಕಾಗಿತ್ತು. ಹೊರಗೆ ಬಂದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಾನೇನೋ ಅಂತ ಎದ್ರೋಗಿದ್ದೆ ಕಣ್ರೀ. ರಾತ್ರಿ ನಿದ್ದೇನೇ ಇರ್ಲಿಲ್ಲ.”

ಆ ಮಾತಿಗೆ ನಾನು ಸತ್ಯ ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಭಯವಾಗಿತ್ತು. ಬೇರೆಯವರಿಗೆ ಎಷ್ಟೋ ಸಲ ಮರೆವು ಶುರುವಾಗಿದೆ ಎಂದು ಹವಾಮಾನದ ವರದಿಯ ಹಾಗೆ ಹೇಳಿದವನ ಕಡೆಗೇ ಈಗ ಅದೇ ಮಾತು ಬರುತ್ತಿತ್ತು. ಮನೆಯಲ್ಲಿ ಯಶೋದ ಒಬ್ಬಟ್ಟು ಮಾಡಿದಳು. ಕೀ ಕೊಟ್ಟಳು. ಮೋಸದ ಒಬ್ಬಟ್ಟೂ ಚೆನ್ನಾಗಿಯೇ ಇರುತ್ತದೆ, ನಾಲ್ಕು ತಿಂದೆ.

ಮುಂದಿನ ವಾರ ಬಂಗಾರಪೇಟೆಯಲ್ಲಿ ನೆಂಟರ ಮನೆ ಗೃಹಪ್ರವೇಶ. ಯಶೋದಳನ್ನು ಹಿಂದೆ ಕೂರಿಸಿಕೊಂಡು ಹೋದೆ. ಊಟ ಮುಗಿಸಿ ಬರುವಾಗ ನಾಲ್ಕು ರಸ್ತೆ ಸೇರುವ ಕಡೆ ಬಂದೆ. ಆ ಜಾಗವನ್ನು ನಾನು ನಲವತ್ತು ವರ್ಷದಿಂದ ದಾಟುತ್ತಿದ್ದೇನೆ. ಅವತ್ತು ಅಲ್ಲಿ ನಾಲ್ಕು ರಸ್ತೆಗಳಿದ್ದವು, ಯಾವುದೂ ನಮ್ಮ ಮನೆಗೆ ಹೋಗುವ ಹಾಗೆ ಕಾಣಿಸಲಿಲ್ಲ. ನಟ್ಟ ನಡುವೆ ಗಾಡಿ ನಿಲ್ಲಿಸಿಬಿಟ್ಟೆ. ಎದುರಿಗೆ ಬಂದ ಲಾರಿಯವನು ಬ್ರೇಕು ಹಾಕಿ ಬಾಯಿಗೆ ಬಂದದ್ದನ್ನೆಲ್ಲ ಬೈದ. ಯಶೋದಳ ಕೈ ನನ್ನ ಹೆಗಲನ್ನು ಹಿಡಿದುಕೊಂಡಿತು.

“ಎಡಕ್ಕೆ ಓಗ್ರಿ” ಎಂದಳು, ಮೆಲ್ಲಗೆ.

ಎಡಕ್ಕೆ ಹೋದೆ. ಮನೆ ಸೇರುವ ತನಕ ಅವಳು ಕೈ ತೆಗೆಯಲಿಲ್ಲ. ಮನೆಗೆ ಬಂದು ಸೀರೆ ಬದಲಾಯಿಸಿ, ಹುರುಳಿಕಾಯಿ ಹೆಚ್ಚುತ್ತಾ ಕೂತಳು. ನನ್ನ ಸುಳ್ಳು ಅಂಕವನ್ನು ನಂಬಿಕೊಂಡು ಅವಳು ನನ್ನ ಹಿಂದೆ ಕೂತಿದ್ದಳು. ಆ ಲಾರಿಯವನ ಬ್ರೇಕು ಚೆನ್ನಾಗಿಲ್ಲದೆ ಇದ್ದಿದ್ದರೆ ಎಂದು ಯೋಚಿಸಿ ನನಗೆ ಅಳು ಬಂತು.

ಸೆಲ್ವಿಗೆ ಹೇಳಲೇಬೇಕು ಎಂದು ತೀರ್ಮಾನಿಸಿದೆ. ಬಾಯಲ್ಲಿ ಹೇಳಲು ಹೋದರೆ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆಂದು ಗೊತ್ತಿದ್ದರಿಂದ ಕಾಗದ ಬರೆದೆ. ಬರೆದು ಹರಿದೆ, ಮತ್ತೆ ಬರೆದೆ. ಎಷ್ಟೋ ದಿನ ಇದೇ ಒದ್ದಾಟ. ಕೊನೆಗೆ ಬರೆದದ್ದು ನಾಲ್ಕೇ ಸಾಲು. ಈ ಪರೀಕ್ಷೆಯ ಪದಗಳನ್ನೂ ಕಥೆಯನ್ನೂ ಬರೆದವನು ನಾನೇ, ವರ್ಷಗಟ್ಟಲೆ ರೋಗಿಗಳಿಗೆ ಓದಿದವನೂ ನಾನೇ, ಆದ್ದರಿಂದ ಈ ಅಂಕ ಗಣನೆಗೆ ಬಾರದು, ದಯವಿಟ್ಟು ಬೇರೆ ಪಟ್ಟಿಯಿಂದ ಪರೀಕ್ಷಿಸು. ಎರಡನೇ ಸಾಲಿನಲ್ಲಿ “ಬಹುಶಃ ಗಣನೆಗೆ ಬಾರದು” ಎಂದು ಬರೆದಿದ್ದೆ. ಬಹುಶಃ ಎನ್ನುವುದು ಹೇಡಿತನ ಎನ್ನಿಸಿ ಅದನ್ನು ಹೊಡೆದು ಹಾಕಿದೆ.

ಗುರುವಾರ ಬೆಳಿಗ್ಗೆ ಗೋಡೆಯ ಮೊಳೆಯಲ್ಲಿ ಸ್ಕೂಟರ್ ಕೀ ಇರಲಿಲ್ಲ. “ಬ್ರೇಕ್ ಸರೀಗಿಲ್ಲ, ಮೆಕಾನಿಕ್ ತಾವ ಬಿಟ್ಟಿವ್ನಿ” ಎಂದಳು ಯಶೋದ. ಒಳ್ಳೆಯದೇ ಆಯಿತು ಅಂದುಕೊಂಡೆ. ರೈಲಿಗೆ ಹೋಗುತ್ತೇನೆ, ಸೆಲ್ವಿಯನ್ನು ಮಾತಾಡಿಸಿಕೊಂಡು ಬರುತ್ತೇನೆ ಎಂದೆ. ಅವಳು ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು.

“ನಂಗೂ ಬಂಗಾರಪೇಟೇಲಿ ಕೆಲ್ಸ ಐತೆ, ನಡೀರಿ.”

ಏನು ಕೆಲಸ ಎಂದು ಕೇಳಲಿಲ್ಲ. ಕೇಳಿದ್ದರೆ ನನ್ನ ಕೆಲಸವನ್ನೂ ಹೇಳಬೇಕಾಗುತ್ತಿತ್ತು. ರೈಲಿನಲ್ಲಿ ಕಡಲೆಕಾಯಿ ಕೊಂಡು ಅರ್ಧ ನನ್ನ ಕೈಗೆ ಸುರಿದಳು. ಆಸ್ಪತ್ರೆಯ ಬಾಗಿಲಲ್ಲಿ “ನೀವ್ ಓಗ್ಬನ್ನಿ, ನಾನಿಲ್ಲೇ ಇರ್ತೀನಿ” ಎಂದಳು.

ಸೆಲ್ವಿ ಎದ್ದು ನಿಂತು ಕೂರಿಸಿದಳು, ಈ ಸಲ ಸ್ಟೂಲಿನ ಮೇಲಲ್ಲ, ಕುರ್ಚಿಯಲ್ಲಿ. ನಾನು ಎಲ್ಲವನ್ನೂ ಹೇಳಿದೆ. ಪದಗಳು ನಾಲಿಗೆಯ ಮೇಲೆ ಬಂದು ನಿಂತದ್ದು, ಸೋಮವಾರ ಎಂದು ತಿದ್ದಿದ್ದು, ಒಬ್ಬಟ್ಟು, ನಾಲ್ಕು ರಸ್ತೆ, ಲಾರಿ. ಹಳೆಯ ಪರಿಚಯವನ್ನು ಅಳೆದು ನೆನಪು ಅಂದುಕೊಳ್ಳಬಾರದು ಎಂದು ನಿಮಗೆಲ್ಲ ಪಾಠ ಮಾಡಿ ನಾನೇ ಹೀಗೆ ಮಾಡಿದೆ ಎಂದೆ. ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಅವಳಿಗೆ ಆಶ್ಚರ್ಯವಾಗುತ್ತದೆ, ಬೇಸರವಾಗುತ್ತದೆ, ಸಮಾಧಾನ ಹೇಳಬೇಕಾಗುತ್ತದೆ ಎಂದು ನಾನು ತಯಾರಾಗಿ ಬಂದಿದ್ದೆ. ಅವಳು ಸುಮ್ಮನೆ ಕೇಳಿಸಿಕೊಂಡಳು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಆಮೇಲೆ ಅವಳು ಡ್ರಾಯರ್ ಎಳೆದು ನನ್ನ ಫೈಲು ತೆಗೆದಳು. ಅದರೊಳಗಿಂದ ಒಂದು ಕಾಗದ ತೆಗೆದು ನನ್ನ ಕಾಗದದ ಪಕ್ಕಕ್ಕಿಟ್ಟಳು.

“ಸಾರ್, ಬೇಜಾರ್ ಮಾಡ್ಕೋಬೇಡಿ. ಹೋದ್ ಗುರುವಾರಾನೂ ನೀವ್ ಬಂದು ಇದೇ ಹೇಳಿದ್ರಿ.”

ನನ್ನದೇ ಕೈಬರಹ. ನಾಲ್ಕು ಸಾಲು. ಎರಡನೇ ಸಾಲಿನಲ್ಲಿ ಬಹುಶಃ ಎಂದು ಬರೆದು ಹೊಡೆದು ಹಾಕಿದ್ದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಹೋದ ಗುರುವಾರವನ್ನು ಎಲ್ಲ ಕಡೆ ಹುಡುಕಿದೆ. ಅದು ಎಲ್ಲೂ ಇರಲಿಲ್ಲ.

“ಆಮೇಲೆ?” ಎಂದೆ.

“ಅವತ್ತೇ ಹೊಸ ಪಟ್ಟೀಲಿ ಟೆಸ್ಟ್ ಮಾಡ್ದೆ ಸಾರ್. ಹತ್ತಕ್ಕೆ ಮೂರು ಬಂತು. ಡಾಕ್ಟ್ರು ನೋಡಿದಾರೆ, ಮಾತ್ರೆ ಶುರು ಮಾಡಿದಾರೆ. ಅಮ್ಮಂಗೆ ಗೊತ್ತು.”

ಬೆಳಿಗ್ಗೆ ತಿಂಡಿಯ ಜೊತೆ ಯಶೋದ ಕೊಡುತ್ತಿದ್ದ ಮಾತ್ರೆಯನ್ನು ನಾನು ಬಿ.ಪಿ.ಯದು ಅಂದುಕೊಂಡಿದ್ದೆ.

“ಹೊಸ ಪಟ್ಟೀಲಿ ಏನೇನು ಪದ ಇದೆಯಮ್ಮ?”

ಸೆಲ್ವಿ ಹಾಳೆಯನ್ನು ಮಗುಚಿ ಹಾಕಿ ಅದರ ಮೇಲೆ ಕೈ ಇಟ್ಟಳು. “ಹೇಳಲ್ಲ ಸಾರ್. ಮುಂದಿನ್ ಸಲಕ್ಕೆ ಬೇಕು.”

ಸರಿಯಾದ ಉತ್ತರ. ನಾನು ಮಾಡಿದ ಪಾಠ ಒಬ್ಬರಿಗಾದರೂ ಹತ್ತಿತ್ತು.

“ಈ ಕಾಗದಾನೂ ಫೈಲಿಗೆ ಹಾಕ್ಲಾ ಸಾರ್?” ಎಂದು ಕೇಳಿದಳು.

“ಹಾಕಮ್ಮ” ಎಂದೆ. “ಎರಡು ಸಲ ಪರೀಕ್ಷೆ ಮಾಡಿದಾಗಲೂ ಒಂದೇ ಉತ್ತರ ಬಂದರೆ ಅದನ್ನು ನಂಬಬಹುದು ಅಂತ ಸೆಕೆಂಡ್ ಇಯರ್‌ನಲ್ಲಿ ಹೇಳಿಕೊಟ್ಟಿದ್ದೆ, ಜ್ಞಾಪಕ ಇದೆಯಾ?”

ಅವಳು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ಮುಖ ತಿರುಗಿಸಿ ಫೈಲಿನ ದಾರ ಕಟ್ಟುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಳು.

ಹೊರಗೆ ಬಂದೆ. ಕಾರಿಡಾರಿನ ಕೊನೆಯಲ್ಲಿ, ಬೆಂಚಿನ ಮೇಲೆ ಯಶೋದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಂಗಾರಪೇಟೆಯಲ್ಲಿ ಅವಳಿಗೆ ಬೇರೆ ಯಾವ ಕೆಲಸವೂ ಇರಲಿಲ್ಲ.

“ಏಳಿದ್ರಾ?” ಎಂದಳು.

“ಹೇಳಿದೆ.”

“ಸರಿ, ನಡೀರಿ. ರೈಲಿಗೆ ಒತ್ತಾಯ್ತು.”

ಹೋದ ಗುರುವಾರವೂ ಅವಳು ಅದೇ ಬೆಂಚಿನ ಮೇಲೆ ಕೂತಿದ್ದಳಂತೆ, ನಾನು ಹೊರಗೆ ಬಂದಾಗ ಅದೇ ಮಾತು ಕೇಳಿದಳಂತೆ. ಇದನ್ನು ನನಗೆ ಹೇಳಿದವಳು ಸೆಲ್ವಿ. ಯಶೋದ ಇವತ್ತಿನವರೆಗೂ ಹೇಳಿಲ್ಲ.